ನಿರ್ವಂಶವೆಂದು ಬರೆದ ಬೆಟ್ಟ

ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ನೇಮನಿ ಬೆಟ್ಟದ ನೆತ್ತಿಯ ಕಂದಕವನ್ನು ದಾಟಿ ಒಳಗೆ ನುಗ್ಗಿದಾಗ, ಎಪ್ಪತ್ತು ದಾಟಿದ ಉನೈಸಿ ಇನ್ನೂ ಈಚೆಯ ಅಂಚಿನಲ್ಲೇ ಕುಳಿತಿದ್ದಳು. ಹಿರಿಯರಿಗೆ ಕಾಣಿಕೆ ಇಡುವ ಯಂಗೋನಾ ಬೇರಿನ ಕಟ್ಟೊಂದನ್ನು ಎದುರಿಗಿಟ್ಟುಕೊಂಡು, ಒಳಗೆ ಬರಲು ಆ ಪಾಳೂರಿನ ಅಪ್ಪಣೆಯನ್ನು ಬೇಡುತ್ತಿದ್ದಳು. ಅಳತೆಯ ಸರಪಳಿ ಹೊತ್ತುಬಂದ ದುಲಾರ್ ಅವಳ ಹಿಂದೆ ಬರಿದಲೆಯಲ್ಲಿ ಕೈಕಟ್ಟಿ ಕುಳಿತಿದ್ದ.

"ಯಾರನ್ನ ಕೇಳ್ತಾ ಕೂತಿದೀರಾ, ಬೂಬು? ಇಲ್ಲಿ ಕಲ್ಲುದಿಬ್ಬ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ," ಎಂದು ನೇಮನಿ ಆಚೆಯಿಂದ ಕೂಗಿದ. ಹಿರಿಯ ಹೆಂಗಸರನ್ನು ಬೂಬು, ಅಂದರೆ ಅಜ್ಜಿ, ಎಂದು ಕರೆಯುವಷ್ಟು ಸಂಸ್ಕಾರ ಮಾತ್ರ ರಾಜಧಾನಿಯ ಜಮೀನು ಕಚೇರಿ ಅವನಲ್ಲಿ ಉಳಿಸಿತ್ತು.

"ಮೊದ್ಲು ಟೋಪಿ ತೆಗಿ. ಕಬ್ಬು ಕಡಿಯೋಕೆ ಹಡಗಲ್ಲಿ ಬಂದೋರ ಮೊಮ್ಮಗ ಈ ದುಲಾರ್. ಅವನಿಗೆ ಗೊತ್ತಿರೋ ಮರ್ಯಾದೆ ನಿನಗೆ ಗೊತ್ತಿಲ್ವಲ್ಲೋ. ನಿನ್ನ ಹೆತ್ತಿದ್ದು ನಿಮ್ಮವ್ವನೋ, ಕಚೇರಿಯೋ?"

ದುಲಾರ್ ನಗು ಬಂದದ್ದನ್ನು ಮರೆಮಾಡಲು ಸುಮ್ಮನೆ ಕೆಮ್ಮಿದ. ನೇಮನಿ ಟೋಪಿಯನ್ನು ತೆಗೆದ; ಆದರೆ ಕೂಡಲೇ ಕಂಕುಳಲ್ಲಿದ್ದ ಕಚೇರಿಯ ಕಡತವನ್ನು ತೆರೆದ. "ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಇರೋದನ್ನ ಹೇಳ್ತೀನಿ. ಜನ ತಾವಾಗೇ ಊರು ಬಿಟ್ಟು ಇಳಿದು ಹೋದರು. ಬೆಟ್ಟದ ಕುಲ ನಿರ್ವಂಶ. ವಾರಸುದಾರರಿಲ್ಲದ ನೆಲ ಸರ್ಕಾರದ್ದು. ನಾಳೆ ಸಭೇಲಿ ಒಪ್ಪಿಗೆ ಆದರೆ ಹೋಟೆಲಿನವರಿಗೆ ತೊಂಬತ್ತೊಂಬತ್ತು ವರ್ಷದ ಗುತ್ತಿಗೆ."

"ತಾವಾಗೇ?" ಉನೈಸಿ ಎದ್ದು, ಕಂದಕವನ್ನು ದಾಟಿ, ಮೊಣಕಾಲೆತ್ತರದ ಕಲ್ಲುದಿಬ್ಬವೊಂದರ ಬಳಿ ನಿಂತು ಊರುಗೋಲಿನಿಂದ ಮಣ್ಣನ್ನು ಕೆದಕಿದಳು. ಒಂದು ಗೇಣು ಆಳದಲ್ಲಿ ನೆಲ ಕಾಡಿಗೆಯಂತೆ ಕಪ್ಪಾಗಿತ್ತು. "ಇದು ನಮ್ಮ ಮನೆ ಅಡಿಪಾಯ. ನಮ್ಮಜ್ಜನ ಕಾಲದಲ್ಲಿ ಬಿಳಿಯರ ಸಿಪಾಯಿಗಳು ಮೂರು ದಿನ ಸುಟ್ಟರು. ಕೆಸುವಿನ ಗದ್ದೆಗೆ ಹರಿಯೋ ಕಾಲುವೆ ಒಡೆದರು. ಹಸುಗೂಸುಗಳ ಸಮೇತ ಎಲ್ಲರನ್ನೂ ಹೊಳೆ ಬಯಲಿಗೆ ಅಟ್ಟಿದರು. ಅಗೋ, ಕಣ್ಣು ಬಿಟ್ಟು ನೋಡು. ಸುತ್ತ ಇರೋ ಏಳು ಗುಡ್ಡದ ಮೇಲೆ ಏಳು ಊರಿದ್ದವು. ಒಂದೇ ತಿಂಗಳಲ್ಲಿ ಏಳಕ್ಕೆ ಏಳೂ ತಾವಾಗೇ ಇಳಿದುಬಿಟ್ಟವಾ?"

"ಆಮೇಲೆ ಯಾವ ನೆಲ ಯಾರದು ಅಂತ ವಿಚಾರಣೆ ನಡೀತಲ್ಲ, ಬೂಬು. ಬಯಲಿನ ಊರಲ್ಲಿ ಅಧಿಕಾರಿಗಳು ಬೆಳಗಿಂದ ಸಂಜೆವರೆಗೂ ಕೂತಿದ್ದರು. ಬೆಟ್ಟ ನಮ್ಮದು ಅಂತ ಒಬ್ಬರೂ ಹೇಳಲಿಲ್ಲ."

"ನಮ್ಮಜ್ಜ ಅಲ್ಲೇ ಇದ್ದ. ನನಗಾಗ ಹತ್ತು ವರ್ಷ, ಬಾಗಿಲ ಹೊರಗೆ ನಿಂತು ನೋಡ್ತಿದ್ದೆ. ನಮಗೆ ಆಶ್ರಯ ಕೊಟ್ಟ ಬಯಲಿನ ಊರ ದೊರೆ ಎದುರಿಗೆ ಕೂತಿದ್ದ. ದೊರೆಯ ಪರವಾಗಿ ಅಪ್ಪಣೆ ಕೊಡೋ ಮಾತುಗಾರ ತಿರುಗಿ ನೋಡಿ 'ಹೇಳು' ಅಂದರೆ ತಾನೇ ನಮ್ಮೋರು ಬಾಯಿ ತೆರೆಯೋದು? ಆ ಮಾತುಗಾರ ಅವತ್ತು ಜ್ವರ ಬಂದು ಮಲಗಿಬಿಟ್ಟಿದ್ದ. ಅಜ್ಜ ತಲೆ ತಗ್ಗಿಸಿಕೊಂಡು ಹೊತ್ತು ಮುಳುಗೋವರೆಗೂ ಕಾದ. ಗುಮಾಸ್ತ ನಿರ್ವಂಶ ಅಂತ ಬರೆದು ಪುಸ್ತಕ ಮುಚ್ಚಿಕೊಂಡು ಹೋದ."

ನೇಮನಿಯ ಸಹನೆ ಕೆಟ್ಟಿತು. "ಒಂದೇ ಒಂದು ಮಾತು, ಬೂಬು. ಎದ್ದು ನಿಂತು ಹೇಳಿದ್ದರೆ ಮುಗೀತಿತ್ತು. ಇಷ್ಟು ದೊಡ್ಡ ಬೆಟ್ಟಕ್ಕಿಂತ ಅವರಿಗೆ ಆ ರಿವಾಜೇ ಹೆಚ್ಚಾಯ್ತಾ?"

ಉನೈಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸರಿಯಪ್ಪ. ನಮ್ಮಜ್ಜ ಹೆಡ್ಡ. ನೀನು ಓದಿದವನು. ಸುಟ್ಟ ಮಣ್ಣನ್ನ ಕಣ್ಣಾರೆ ಕಂಡಿದೀಯ. ನಾಳೆ ಸಭೇಲಿ ಎದ್ದು ನಿಂತು, ಈ ಕಡತ ಸುಳ್ಳು ಹೇಳ್ತದೆ ಅಂತ ನೀನೇ ಹೇಳು."

ನೇಮನಿ ಕಪ್ಪುಮಣ್ಣನ್ನು ನೋಡಿದ, ದುಲಾರನ ಕಡೆ ನೋಡಿದ, ಕೊನೆಗೆ ತನ್ನ ಬೂಟುಗಳನ್ನು ನೋಡಿಕೊಂಡ. ಇಷ್ಟು ಹೊತ್ತು ಬೆಟ್ಟವಿಡೀ ಮೊಳಗುತ್ತಿದ್ದ ದನಿಯನ್ನು ತಗ್ಗಿಸಿದ. "ನಾಳೆ ಅಧ್ಯಕ್ಷತೆ ವಹಿಸೋರು ನಮ್ಮೂರ ದೊರೆಯ ಅಣ್ಣ, ಬೂಬು. ಅವರಾಗಿ ಕೇಳದೆ ನಾನು..."

ದುಲಾರ್ ಈ ಸಲ ಕೆಮ್ಮಲಿಲ್ಲ.

"ಸಭೆ ಎಷ್ಟು ಹೊತ್ತಿಗೆ?" ಎಂದು ಉನೈಸಿ ಕೇಳಿದಳು.

"ಬೆಳಿಗ್ಗೆ ಹತ್ತಕ್ಕೆ. ಆದರೆ ನೀವು ಬಂದು ಏನು ಮಾಡ್ತೀರಾ? ನಿಮಗೂ ಅದೇ ಕಟ್ಟಳೆ ತಾನೇ? ದೊರೆಮನೆಯವರ ಎದುರಿಗೆ ಅಪ್ಪಣೆ ಇಲ್ಲದೆ ನೀವಾದರೂ ಹೇಗೆ ಬಾಯಿ ತೆರೀತೀರಾ?"

"ಅದು ಬದುಕಿರೋರ ಕಟ್ಟಳೆ ಕಣೋ," ಎಂದಳು ಉನೈಸಿ. "ನಿನ್ನ ಕಡತದಲ್ಲಿ ನಾನು ಸತ್ತು ಅರವತ್ತು ವರ್ಷ ಆಯ್ತಲ್ಲ."