ಬ್ಲೇಡಿನದೇ ತಪ್ಪು

ಜಪಾನಿನ ಬ್ಲೇಡೂ ಕೊಯ್ದೇಬಿಟ್ಟಿತು. ಗದ್ದದ ಕೆಳಗೆ, ಬಿಳಿ ನೊರೆಯ ನಡುವೆ ಕೆಂಪು ಗೆರೆಯೊಂದು ಮೂಡಿ ಕತ್ತಿನತ್ತ ಇಳಿಯತೊಡಗಿತು. ಬಸವಲಿಂಗಪ್ಪ ರೇಜರನ್ನು ಬೇಸಿನ್ನಿನ ಅಂಚಿಗಿಟ್ಟು, ಪಟಿಕದ ತುಂಡನ್ನು ಒದ್ದೆ ಮಾಡಿ ಗಾಯಕ್ಕೆ ಒತ್ತಿಕೊಂಡರು. ಚುರ್ರೆಂದು ಉರಿಯಿತು. ಉರಿಗೆಲ್ಲ ಹೆದರುವ ಆಸಾಮಿ ಅಲ್ಲ ಅವರು. ಅವರ ಹೆದರಿಕೆಯೇ ಬೇರೆ ಇತ್ತು.

"ಮತ್ತೆ ಕೊಯ್ಕೊಂಡ್ರಾ?" ಅಡುಗೆಮನೆಯಿಂದ ಹೆಂಡತಿ ವಸಂತಿ ಕೇಳಿದರು.

"ಈ ಬ್ಲೇಡೂ ಸರಿಯಿಲ್ಲ ಕಣೇ. ವಿಪರೀತ ಹರಿತ."

"ಮೊನ್ನೆ ಟರ್ಕಿದು ಮೊಂಡು ಅಂದ್ರಿ. ಇವತ್ತು ಇದು ಹರಿತ ಅಂತೀರಿ. ಅಚ್ಛಾ ಕಥೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ವಸಂತಿ ತಮಾಷೆಗೆ ಅಂದು ಕುಕ್ಕರಿನ ಕಡೆ ತಿರುಗಿಕೊಂಡರು. ಇತ್ತ ಬಸವಲಿಂಗಪ್ಪ ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು.

ರೇಜರು ಅಪ್ಪನ ಹುಟ್ಟುಹಬ್ಬಕ್ಕೆ ಮಗ ಧನುಷ್ ತಂದುಕೊಟ್ಟದ್ದು. ಹಳೆಯ ಕಾಲದ ನಮೂನೆಯದು, ಎರಡೂ ಅಂಚು ಹರಿತವಿರುವ ಬ್ಲೇಡು ಹಾಕುವಂಥದ್ದು. ಜೊತೆಗೆ ಬ್ರಷ್ಷು, ಬಟ್ಟಲಲ್ಲಿ ಸೋಪು, ನಾನಾ ದೇಶಗಳ ಬ್ಲೇಡುಗಳ ಪೊಟ್ಟಣಗಳು. "ಯಾವ ಬ್ಲೇಡ್ ಸೂಟ್ ಆಗತ್ತೆ ಅಂತ ಟ್ರೈ ಮಾಡ್ತಾ ಹೋಗ್ಬೇಕು ಪಪ್ಪಾ. ಶುರೂ ಮೇ ಸಬ್ ಕೋ ಕಟ್ ಲಗ್ತಾ ಹೈ," ಎಂದಿದ್ದ. ಕಲಿಯುವಾಗ ಎಲ್ಲರಿಗೂ ಕೊಯ್ಯುತ್ತದೆ ಎಂಬ ಆ ಒಂದು ಮಾತನ್ನು ಬಸವಲಿಂಗಪ್ಪ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ರೋಹಿಣಿ ಬಡಾವಣೆಯ ಸರ್ಕಾರಿ ಡಿಸ್ಪೆನ್ಸರಿಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವರದು. ಹಸುಗೂಸಿನ ದಾರದಂಥ ನರಕ್ಕೂ ಮೊದಲ ಸಲಕ್ಕೇ ಸೂಜಿ ಇಳಿಸುತ್ತಾರೆಂದು ಹೆಸರು. ಹಾಗಾಗಿ ಬ್ಲೇಡುಗಳ ಪರೀಕ್ಷೆಯನ್ನೂ ಲ್ಯಾಬಿನ ಕ್ರಮದಲ್ಲೇ ನಡೆಸಿದ್ದರು. ಅದೇ ಸೋಪು, ಅದೇ ಬಿಸಿನೀರು, ಅದೇ ಕನ್ನಡಿ. ಬದಲಾಗುವುದು ಬ್ಲೇಡು ಒಂದೇ. ರಷ್ಯಾದ್ದು ಕೊಯ್ದಿತು. ಟರ್ಕಿಯದು ಕೊಯ್ದಿತು. ನಮ್ಮ ದೇಶದ್ದೂ ಬಿಡಲಿಲ್ಲ. ಬದಲಾಗದೆ ಉಳಿದದ್ದು ಇನ್ನೊಂದಿತ್ತಲ್ಲ, ಅವರ ಬಲಗೈ, ಅದರ ಹತ್ತಿರ ಹೋಗಲು ಅವರ ಮನಸ್ಸು ಒಪ್ಪಿರಲಿಲ್ಲ.

ಅವರ ಅಪ್ಪನಿಗೆ ಕೈ ನಡುಗುವ ಕಾಯಿಲೆ ಶುರುವಾದದ್ದು ಇದೇ ವಯಸ್ಸಿನಲ್ಲಿ. ಕೊನೆಕೊನೆಗೆ ಅನ್ನದ ತುತ್ತನ್ನೂ ಅಮ್ಮನೇ ಬಾಯಿಗಿಡಬೇಕಾಗಿತ್ತು. ತನಗೂ ಅದೇ ಬಂದರೆ? ನಡುಗುವ ಕೈಗೆ ಯಾವ ತಾಯಿ ತಾನೇ ತನ್ನ ಕೂಸಿನ ತೋಳು ಕೊಟ್ಟಾಳು? ಹೋದ ವಾರ ಒಂದು ಮಗುವಿಗೆ ಎರಡನೆಯ ಸಲ ಚುಚ್ಚಬೇಕಾಗಿ ಬಂದಾಗ, ಮಗು ಅಲುಗಾಡಿಬಿಟ್ಟಿತು ಎಂದು ಅದರ ತಾಯಿಗೆ ಹೇಳಿದ್ದರು. ಪಾಪ, ಮಗು ಅಲುಗಾಡಿರಲೇ ಇಲ್ಲ.

"ಪಪ್ಪಾ, ಆಯ್ತಾ? ನಾನೂ ಇವತ್ತು ಇದ್ರಲ್ಲೇ ಶೇವ್ ಮಾಡ್ಲಾ?" ಧನುಷ್ ಟವೆಲು ಹೆಗಲಿಗೆ ಹಾಕಿಕೊಂಡು ಬಂದು ನಿಂತ. ಕಾಲೇಜು ಸೇರಿದಾಗಿನಿಂದ ಅವನು ಟ್ರಿಮ್ಮರ್ ಬಿಟ್ಟು ಬೇರೇನೂ ಮುಟ್ಟಿದವನಲ್ಲ. "ಕಲ್ ಮಾನೇಸರ್ ಮೇ ಇಂಟರ್‌ವ್ಯೂ ಹೈ. ನಾಳೆ ಕೆಲಸ ಕೇಳೋಕೆ ಕ್ಲೀನ್ ಆಗಿ ಹೋಗ್ಬೇಕು."

ಬಸವಲಿಂಗಪ್ಪ ರಕ್ತ ತಾಗಿದ ಬ್ಲೇಡನ್ನು ತೆಗೆದುಹಾಕಿ, ರೇಜರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದೇ ಪೊಟ್ಟಣದ ಇನ್ನೊಂದು ಬ್ಲೇಡು ಹಾಕಿಕೊಟ್ಟರು.

"ಇದು ವಿಪರೀತ ಹರಿತ ಅಂದ್ರಲ್ಲಾ ಮಮ್ಮಿ ಹತ್ರ?"

"ನೋಡೋಣ. ನಿಂಗೆ ಹೆಂಗಾಗತ್ತೋ ನೋಡೋಣ."

ಧನುಷ್ ಕೆನ್ನೆಗೆಲ್ಲ ನೊರೆ ಮೆತ್ತಿಕೊಂಡು ಶುರುಮಾಡಿದ. ಹಿಡಿಯುವ ಕ್ರಮ ಗೊತ್ತಿಲ್ಲ, ಓರೆ ಎಷ್ಟಿರಬೇಕೆಂಬುದು ಗೊತ್ತಿಲ್ಲ, ಬಾಯಲ್ಲಿ ಬೇರೆ ಗುನುಗು. ಬಸವಲಿಂಗಪ್ಪ ಬಚ್ಚಲ ಬಾಗಿಲಿಗೆ ಒರಗಿ ಅವನ ಮುಖವನ್ನೇ ನೋಡುತ್ತಿದ್ದರು. ಇವನಿಗೂ ಕೊಯ್ದರೆ ತಪ್ಪು ಬ್ಲೇಡಿನದು. ಶಿವನೇ, ಒಂದು ಹನಿ ಸಾಕು, ಒಂದೇ ಹನಿ. ಹೆತ್ತ ಮಗನ ಮುಖದಲ್ಲಿ ರಕ್ತ ಬರಲಿ ಎಂದು ಬೇಡಿಕೊಳ್ಳುವ ಅಪ್ಪ ಲೋಕದಲ್ಲಿ ಎಲ್ಲಾದರೂ ಇದ್ದಾನೆಯೇ ಎಂದು ಕೇಳಿದರೆ, ಇದ್ದ, ಅಲ್ಲೇ ನಿಂತಿದ್ದ. ನಾಚಿಕೆಯಿಂದ ಅವರ ಕಿವಿ ಬಿಸಿಯಾಗಿತ್ತು. ಆದರೂ ಬೇಡುವುದು ನಿಲ್ಲಲಿಲ್ಲ.

ರೇಜರು ಕೆನ್ನೆ ದಾಟಿತು. ದವಡೆಯ ಮೂಲೆ ತಿರುಗಿತು. ಗದ್ದದ ಕೆಳಗೆ, ಅವರಿಗೆ ಸದಾ ಕೊಯ್ಯುವ ಜಾಗಕ್ಕೆ ಬಂತು. ಬಸವಲಿಂಗಪ್ಪ ಉಸಿರು ಬಿಗಿಹಿಡಿದರು. ಅದೂ ದಾಟಿತು. ಧನುಷ್ ಮುಖಕ್ಕೆ ತಣ್ಣೀರು ಎರಚಿಕೊಂಡು, ಒರೆಸಿಕೊಂಡು ತಿರುಗಿದ.

"ಮಸ್ತ್ ಬ್ಲೇಡ್ ಪಪ್ಪಾ ಇದು. ಏಕ್ ಭೀ ಕಟ್ ನಹೀ. ನೋಡಿ."

"ಇಲ್ಲಿ, ಬೆಳಕಿಗೆ ಬಾ."

ಮಗನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ನೋಡಿದರು. ಆ ಕಡೆ ತಿರುಗಿಸಿ ನೋಡಿದರು, ಈ ಕಡೆ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಕಣ್ಣನ್ನು ನಂಬಲಾಗದೆ ಬಲಗೈ ಎತ್ತಿ ಅವನ ಕೆನ್ನೆಯ ಮೇಲಿಟ್ಟರು.

ಧನುಷ್ ಕಿಲಕಿಲ ನಕ್ಕು ಹೆಗಲು ಮುದುಡಿಕೊಂಡ. "ಪಪ್ಪಾ, ಬಸ್ ಬಸ್. ಕಚಗುಳಿ ಇಡ್ಬೇಡಿ."

"ನಾನೇನೂ ಮಾಡ್ತಿಲ್ಲ ಕಣೋ," ಎಂದರು ಬಸವಲಿಂಗಪ್ಪ. "ಸುಮ್ನೆ ಕೈ ಇಟ್ಟಿದೀನಿ, ಅಷ್ಟೇ."