ಒಂಬತ್ತು ಸಾಲು

ಆಸ್ಪತ್ರೆಗಳು ಪುಕ್ಕಟೆಯಾಗಿ ಬಳಸುವ ಆ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು; ಅದನ್ನು ನೋಡಿಕೊಳ್ಳುವವರು ಒಪ್ಪಿದರೆ, ಕಳಿಸಿದವರ ಹೆಸರಿನ ಸಮೇತ ಸೇರಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಆರು ತಿಂಗಳಿಂದ ಒಂದು ಸಾಲೂ ಕಳಿಸದೆ ಹೆದರಿಕೊಂಡೇ ಕೂತಿದ್ದೆ. ಕೊನೆಗೆ, ನನಗೆ ಕೆಲಸ ಕಲಿಸಿದ ಅಕ್ಕನೇ ತಾವು ಬರೆದ ಒಂಬತ್ತು ಸಾಲು ಕೋಡ್ ಕೊಟ್ಟರು.

“ನಿನ್ನ ಹೆಸರಲ್ಲೇ ಕಳಿಸು.”

“ಬರೆದಿದ್ದು ನೀವಲ್ವಾ ಅಕ್ಕಾ?”

“ನಂಗ್ಯಾಕೆ ಹೆಸರು? ಮೊದಲ ಸಲ ನಿಂದು ಬೀಳಲಿ. ಅಲ್ಲಿ ಬಿದ್ದ ಹೆಸರನ್ನ ಯಾರೂ ಅಳಿಸೋಕಾಗಲ್ಲ ಕಣೇ.”

ಕಳಿಸಿದೆ. ಸೇರಿಸಿಕೊಂಡರು. ಅಮ್ಮ ಬೀದಿಗೆಲ್ಲ ಮೈಸೂರುಪಾಕ್ ಹಂಚಿದಳು.

ಮೂರು ವಾರದ ಮೇಲೆ, ರೋಗಿಗಳ ವಿವರವನ್ನೆಲ್ಲ ಕದ್ದು ಹೊರಗೆ ಕಳಿಸುತ್ತಿದ್ದುದು ಆ ಒಂಬತ್ತು ಸಾಲುಗಳೇ ಎಂದು ಗೊತ್ತಾಯಿತು. ತನಿಖೆಗೆ ಬಂದ ಅಧಿಕಾರಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

“ಇದನ್ನ ಬರೆದಿದ್ದು ಯಾರು?”

ನಾನು ಅಕ್ಕನ ಮುಖ ನೋಡಿದೆ.

ಅಕ್ಕ ಮೆಲ್ಲಗೆ ಹೇಳಿದರು: “ಅಲ್ಲೇ ಹೆಸರಿದೆಯಲ್ಲ ಸಾರ್.”