ಹೊಸ ಟೀಚರ್ ಬಚ್ಚಿಟ್ಟ ವೆಬ್‌ಸೈಟು

ವಾರಿಜಾ ಟೀಚರ್ ವರ್ಷಗಟ್ಟಲೆ ವಿಜ್ಞಾನ ಹೇಳಿಕೊಟ್ಟ ಶಾಲೆಯಲ್ಲಿ ಈಗ ಮಕ್ಕಳೆಲ್ಲ ಹೊಸ ಟೀಚರ್ ತರಗತಿಯ ಕಿಟಕಿಗೆ ಜೋತುಬೀಳುತ್ತಿದ್ದರು. ಆಕೆ ಯಾವುದೋ ವೆಬ್‌ಸೈಟಿನಿಂದ ಸ್ಮಾರ್ಟ್ ಬೋರ್ಡಿನ ಮೇಲೆ ಹೃದಯ ಬಡಿಯುವುದನ್ನೇ ತೋರಿಸುತ್ತಾಳಂತೆ. ಅದೇ ಶಾಲೆಯಲ್ಲಿ ಓದುವ ವಾರಿಜಾ ಟೀಚರ್ ಅವರ ಸ್ವಂತ ಮಗಳ ಬಾಯಲ್ಲೂ ಊಟಕ್ಕೆ ಕೂತರೆ ಆ ಮಿಸ್ಸಿನದೇ ಜಪ.

"ಅಮ್ಮ, ನೀನೂ ಅವರ ಥರ ಹೇಳ್ಕೊಡು" ಎಂದಳು ಮಗಳು.

ವಾರಿಜಾ ಟೀಚರ್ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದರು.

ಮರುದಿನ ಸ್ಟಾಫ್ ರೂಮಿನಲ್ಲಿ ವಾರಿಜಾ ಟೀಚರ್ ಕೇಳಿಯೇಬಿಟ್ಟರು. "ಅಲ್ಲಮ್ಮ, ಅದ್ಯಾವ ವೆಬ್‌ಸೈಟು ಅಂತ ನಮಗೂ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಹೊಸ ಟೀಚರ್ ಗಾಬರಿಯಾದಳು. "ಮೇಡಂ, ನಿಮಗೆ ಗೊತ್ತಿಲ್ವಾ?"

"ಗೊತ್ತಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ಇಂಥದ್ದನ್ನ ನಾಲ್ಕು ಜನಕ್ಕೆ ಹಂಚ್ಬೇಕು. ಒಬ್ಳೇ ಬಚ್ಚಿಟ್ಕೊಂಡು ಮೆರೆಯೋದಲ್ಲ."

ಹೊಸ ಟೀಚರ್ ಮೊಬೈಲ್ ತೆಗೆದು, ಶಾಲೆಯ ವಾಟ್ಸಾಪ್ ಗ್ರೂಪಿನ ಹಳೆಯ ಮೆಸೇಜುಗಳನ್ನು ಹುಡುಕಿ, ಒಂದನ್ನು ಅವರ ಮುಂದೆ ಹಿಡಿದಳು.

"ಇದೇ ಮೇಡಂ. ನಾನು ಸೇರಿದ ದಿನ ನೀವೇ ಕಳಿಸಿದ್ರಲ್ಲ, 'ತಪ್ಪದೇ ನೋಡಿ, ಎಲ್ಲರಿಗೂ ಕಳಿಸಿ' ಅಂತ."